ಬಟ್ಟಲಿನಲ್ಲಿ ಅಪ್ಪನ ಮಿಡಿತ

ಪ್ರಯೋಗಾಲಯದ ಊಟದ ಕೋಣೆ,
ಮಾರ್ಚ್ ಹನ್ನೊಂದು

ಮುಂಗೋಪಿ ಅಣ್ಣನಿಗೆ ತಂಗಿಯ ನಮಸ್ಕಾರ.

ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಇಳಿಯಿತೇ? ಪುಟ್ಟಿಯ ಅಲ್ಲಾಡುವ ಹಲ್ಲು ಬಿತ್ತೇ? ನಾನು ಸುಖವಾಗಿದ್ದೇನೆ. ಸೀಸೆ ತೊಳೆಯಲು ಸೇರಿದವಳು ಈಗ ಜೀವಕೋಶ ಬೆಳೆಸುವ ಕೋಣೆಯ ತಂತ್ರಜ್ಞೆ. ಒಂದು ಹೂಕುಂಡವನ್ನೂ ಬದುಕಿಸಲಾರದವಳು ಎಂದು ಅಣಕಿಸುತ್ತಿದ್ದೆಯಲ್ಲ, ಇಲ್ಲಿ ಕಣ್ಣಿಗೆ ಕಾಣದ ಜೀವಗಳಿಗೆ ದಿನಾ ಉಣಿಸುತ್ತೇನೆ.

ಅಪ್ಪ ಹೋಗುವ ಮುಂಚೆ ನಮ್ಮ ಲ್ಯಾಬಿಗೆ ಬೆನ್ನಿನಿಂದ ಅಕ್ಕಿಕಾಳಿನಷ್ಟು ಚರ್ಮ ಕೊಟ್ಟಿದ್ದರು. "ನನ್ನೆದೆಗೆ ಏನಾಗಿದೇಂತ ಇವರಾದ್ರೂ ಹುಡುಕಲಿ" ಎಂದು ನಕ್ಕಿದ್ದರು. ಅವರು ಮೆಟ್ಟಿಲ ಮೇಲೆ ಕುಸಿದು ತೀರಿಕೊಂಡ ಮೇಲೆ, ಆ ಚರ್ಮದ ಕೋಶಗಳನ್ನೇ ಬದಲಿಸಿ ಹೃದಯದ ಕೋಶಗಳನ್ನು ಬೆಳೆಸುತ್ತಾರೆಂದು ಕೇಳಿ ನೀನು ಕೆಂಡವಾದೆ. "ಸತ್ತೋರನ್ನ ಸತ್ತಿರೋಕೆ ಬಿಡು" ಎಂದು ಬಾಗಿಲು ಬಡಿದು ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ.

ಆ ಕೋಶಗಳನ್ನು ನಾನೇ ಬೆಳೆಸಿದೆ, ಅಣ್ಣಾ. "ನಿಮಗೆ ಕಷ್ಟ ಆಗುತ್ತೆ, ಬೇರೆಯವರಿಗೆ ಕೊಡ್ತೀನಿ" ಅಂದರು ನಮ್ಮ ಮುಖ್ಯಸ್ಥೆ. ಅಪ್ಪನನ್ನು ಬೇರೆಯವರ ಕೈಗೆ ಹೇಗೆ ಕೊಡಲಿ? ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಕೋಶಗಳಿದ್ದ ಬಟ್ಟಲಿನ ತಳ ಅದುರುತ್ತಿತ್ತು. ನನ್ನ ಕೈ ತಾಗಿ ಮೇಜು ಅಲುಗಿತೆಂದು ಕೈ ತೆಗೆದು ಮತ್ತೆ ನೋಡಿದೆ. ಅದುರುವುದು ನಿಲ್ಲಲಿಲ್ಲ. ಮಿಡಿದು, ತಡವರಿಸಿ, ಏನೋ ನೆನಪಾದಂತೆ ಮತ್ತೆ ಮಿಡಿಯುತ್ತಿತ್ತು. ಚಿಕ್ಕಂದಿನಲ್ಲಿ ಅವರ ಎದೆಗೆ ಕಿವಿಯಿಟ್ಟು ಮಲಗಿದಾಗ ಕೇಳುತ್ತಿದ್ದ ಅದೇ ಎಡವುವ ನಡಿಗೆ. "ಅಪ್ಪಾ" ಎಂದುಬಿಟ್ಟೆ. ಪಕ್ಕದ ಮೇಜಿನವನು ಎದ್ದು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದ.

ಅಂದಿನಿಂದ, ಕೋಶಗಳನ್ನಿಡುವ ಬೆಚ್ಚನೆಯ ಪೆಟ್ಟಿಗೆಯನ್ನು ಮುಚ್ಚುವಾಗಲೆಲ್ಲ ಯಾರನ್ನೋ ಒಳಗೆ ಕೂಡಿಹಾಕಿದಂತೆ. ಮನೆಯಲ್ಲಿ ನಲ್ಲಿ ತಿರುಗಿಸಿದರೂ, ಕುರ್ಚಿ ಎಳೆದರೂ ಅದರ ಹಿಂದೆ ಆ ತಡವರಿಕೆ ಕೇಳಿಸುತ್ತದೆ. ನೀನು ಹೇಳಿದ್ದೇ ಸರಿಯೇನೋ. ಆದರೂ ಬೆಳಗಾದರೆ ಉಣಿಸಲು ಓಡುತ್ತೇನೆ. ಹಸಿದಿರುತ್ತಾರಲ್ಲ ಅನ್ನಿಸುತ್ತದೆ, ನೋಡು ನನ್ನ ಹುಚ್ಚು.

ಅತ್ತಿಗೆಯನ್ನು ಕೇಳಿದೆನೆಂದು ಹೇಳು, ಪುಟ್ಟಿಗೆ ಮುತ್ತು ಕೊಡು. ಸಿಟ್ಟು ಮಾಡುವುದಾದರೂ ಹೊಟ್ಟೆ ತುಂಬ ಉಂಡು ಮಾಡು.

ಎಲ್ಲಿಗೆ ಹೋದರೂ ನಿನ್ನ ಹಿಂದೆಯೇ ಬರುತ್ತಿದ್ದ,
ಬಾಲ

ತಾ.ಕ.: ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಪ್ಪನ ಕೋಶಗಳಲ್ಲಿ ದೋಷ ಸಿಕ್ಕಿದೆ, ಮಕ್ಕಳಿಗೂ ಇಳಿಯಬಹುದಾದಂಥದ್ದು. ನನ್ನಲ್ಲೂ ಇದೆ. ಮೊದಲೇ ತಿಳಿದರೆ ಔಷಧಿ ಇದೆಯಂತೆ, ಅಪ್ಪನ ಹಾಗೆ ಆಗಲೇಬೇಕೆಂದಿಲ್ಲ. ಬೇಗ ಬಾ, ಪುಟ್ಟಿಯನ್ನೂ ಕರೆದುಕೊಂಡು ಬಾ. ಪರೀಕ್ಷೆಗೆ ರಕ್ತ ನಾನೇ ತೆಗೆಯುತ್ತೇನೆ. ನನ್ನೊಡನೆ ಮಾತಾಡದಿದ್ದರೂ ಪರವಾಗಿಲ್ಲ, ತೋಳು ಚಾಚಿದರೆ ಸಾಕು.