ರಾಗಿ ಅಂದರೆ ಬಲಕ್ಕೆ

ಅಕ್ಟೋಬರ್ ೨೦, ೨೦೦೭, ಶನಿವಾರ
ಹೆಲ್ಮೆಟ್ ನಲವತ್ತೆರಡು. ಎಲ್ಲ ಒರೆಸಿಟ್ಟೆ. ತಂಡದ ಸಾಮಾನು ನೋಡಿಕೊಳ್ಳುವುದು ನನ್ನ ಕೆಲಸ. ಕೋಚ್ ವಾಲ್ಟರ್ ಅಮೆರಿಕದಲ್ಲಿ ಮೂವತ್ತೊಂದು ವರ್ಷ ಅಲ್ಲಿನ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದ ತಂಡಗಳನ್ನು ಆಡಿಸಿದ ಮನುಷ್ಯ. ಏಳು ಊರು, ಏಳು ಕಡೆಯೂ ಕೆಲಸದಿಂದ ತೆಗೆದರಂತೆ. ಎಂಟನೆಯದು ನಮ್ಮ ಸಿಡ್ನಿ. ಮುಂದಿನ ತಿಂಗಳು ಮೆಲ್ಬರ್ನಿನಲ್ಲಿ ಅಲ್ಲಿನ ತಂಡದೆದುರು ಫೈನಲ್ ಸೋತರೆ ಕಾಂಟ್ರಾಕ್ಟ್ ಮುಗಿಯಿತು ಅಂದಿದ್ದಾರೆ ಕಮಿಟಿಯವರು. ಅರವತ್ತೇಳರ ಮುದುಕನನ್ನು ಇನ್ಯಾರು ಕರೆಯುತ್ತಾರೆ?
ಕೋಚ್ ಮೈದಾನದ ಅಂಚಿನಲ್ಲಿ ನಿಂತು ಮಾಡುವ ಕೈಸನ್ನೆಗಳನ್ನೆಲ್ಲ ಮೆಲ್ಬರ್ನಿನವರು ವಿಡಿಯೋ ನೋಡಿ ಕಲಿತುಬಿಟ್ಟಿದ್ದಾರೆ.
ಅದಕ್ಕೆ ನಾನಂದೆ, ಸನ್ನೆ ಬಿಡಿ, ಕನ್ನಡದಲ್ಲಿ ಕೂಗೋಣ. ರಾಗಿ ಅಂದರೆ ಬಲಕ್ಕೆ ಓಡು. ಜೋಳ ಅಂದರೆ ಎಡಕ್ಕೆ. ಕಡಲೆ ಅಂದರೆ ಚೆಂಡು ದೂರ ಎಸೆ. ಕೋಚ್ ಒಪ್ಪಿದರು!
ಏಳನೇ ಕ್ಲಾಸಿಗೇ ಓದು ಬಿಟ್ಟವನ ತಲೆ ಇದು. ಕಬಡ್ಡಿಯಲ್ಲಿ ಇಡೀ ತಾಲ್ಲೂಕು ನಡುಗಿಸಿದವನು ನಾನು.

ನವೆಂಬರ್ ೪, ಭಾನುವಾರ
ಸಿಡ್ನಿಯ ಕೆಲ್ಲಿವಿಲ್. ಇಲ್ಲಿನ ಕನ್ನಡದವನೇ ಆದ ಬದರಿನಾಥನ ಮನೆಯಲ್ಲಿ ರಾಜ್ಯೋತ್ಸವದ ಊಟ. ಹೋಳಿಗೆ. ಇಪ್ಪತ್ತು ಜನ ಸುತ್ತ ಕೂತಿದ್ದರು... ಬಾಯಿ ಎಲ್ಲಿ ನಿಲ್ಲುತ್ತದೆ? ನಮ್ಮ ರಾಗಿ-ಜೋಳದ ಗುಟ್ಟು ಎಲ್ಲ ಹೇಳಿಬಿಟ್ಟೆ. ಹೊಸಬನೊಬ್ಬ, ಲಕ್ಷ್ಮೀಶ ಅಂತ, ಬಹಳ ಆಸೆಯಿಂದ ಕೇಳಿದ.
"ಕಡಲೆ ಅಂದ್ರೆ ಅಂಕಲ್?"
ಅದನ್ನೂ ಹೇಳಿದೆ.
ಕೈ ತೊಳೆಯುವಾಗ ಅಂದ, "ಸೂಪರ್ ಅಂಕಲ್. ನಾನಿರೋದು ಮೆಲ್ಬರ್ನಲ್ಲಿ. ಆ ಟೀಮಿನ ಫಿಸಿಯೋ ನಾನೇ."
"ತಮಾಷೆ ಮಾಡಬ್ಯಾಡಪ್ಪಾ."
"ಇಲ್ಲ ಅಂಕಲ್. ಥ್ಯಾಂಕ್ಸ್!"


ನವೆಂಬರ್ ೫
ಕೋಚ್‌ಗೆ ಹೇಳಬೇಕು. ಹೇಳಲಿಲ್ಲ.

ನವೆಂಬರ್ ೧೬, ಮೆಲ್ಬರ್ನ್
ಇನ್ನೂ ಹೇಳಿಲ್ಲ.

ನವೆಂಬರ್ ೧೭, ಶನಿವಾರ, ಬೆಳಿಗ್ಗೆ ೧೦
ಹೇಳಿದೆ. ಕೋಚ್ ಷೂ ಲೇಸ್ ಕಟ್ಟುತ್ತಿದ್ದರು. ಕೈ ನಿಂತಿತು.
"ಎಷ್ಟು ಜನಕ್ಕೆ ಹೇಳಿದೆ, ಶಾಂಟಿ?" ಶಾಂತವೀರಪ್ಪ ಅನ್ನಲು ಬರುವುದಿಲ್ಲ ಅವರಿಗೆ.
"ಒಬ್ಬನಿಗೆ... ಕೇಳಿದವರು ಇಪ್ಪತ್ತು."
ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಏಳು ಊರಲ್ಲೂ ತಪ್ಪು ಮಾಡಿದವರು ಸೋತ ಮೇಲೆ ಬಂದು ಹೇಳಿದರು. ಆಟಕ್ಕೆ ಮುಂಚೆ ಹೇಳಿದವನು ನೀನೊಬ್ಬನೇ," ಅಂದರು. ಲೇಸ್ ಬಿಗಿದರು. "ಇವತ್ತು ಯಾವುದನ್ನೂ ಬದಲಾಯಿಸುವುದಿಲ್ಲ."
ಇದೆಂಥ ಹುಚ್ಚು?

ಅದೇ ದಿನ, ಹಾಫ್ ಟೈಮ್
ನಾಲ್ಕು ಪಾಯಿಂಟ್ ಹಿಂದೆ. ಲಕ್ಷ್ಮೀಶ ಅವರ ಕೋಚಿನ ಕಿವಿಗೇ ಅಂಟಿಕೊಂಡಿದ್ದಾನೆ. ರಾಗಿ ಅಂದ ಕೂಡಲೇ ಅವರೆಲ್ಲ ಆ ಕಡೆ ಗೋಡೆ ಕಟ್ಟುತ್ತಾರೆ. ನಮ್ಮವರ ಪಕ್ಕೆಲುಬು ಪುಡಿಯಾಗುತ್ತಿದೆ, ನನ್ನ ಬಾಯಿಯಿಂದ.
ಕೋಚ್ ಈಗ ಬಾಯಿಬಿಟ್ಟರು. ಅವರು ಪೂರ್ತಿ ನಂಬಲಿ. ಕೊನೆಯ ಸರದಿಗೆ ಕೂಗುವವನು ಶಾಂಟಿ. ಅವನು ರಾಗಿ ಅಂದರೆ ದೂರ ಎಸೆಯಿರಿ.
"ನಾನ್ಯಾಕೆ?"
"ಆ ಲಕ್ಷ್ಮೀಶ ನಿನ್ನ ದನಿ ನಂಬುತ್ತಾನೆ."
ನಮ್ಮವರಲ್ಲಿ ಒಬ್ಬ ಮರೆತರೂ ಮುಗಿಯಿತು. ನಾಲಿಗೆ ಒಣಗಿದೆ. ನನಗೆ! ಸೀಟಿ ಊದಿದರು...

ನವೆಂಬರ್ ೧೮, ಭಾನುವಾರ, ಸಿಡ್ನಿ
ಗಂಟಲು ಬಿದ್ದಿದೆ. ಆರು ಸೆಕೆಂಡ್ ಉಳಿದಿತ್ತು, ಇನ್ನೂ ನಾಲ್ಕು ಪಾಯಿಂಟ್ ಹಿಂದೆಯೇ ಇದ್ದೆವು. ಕೂಗಿದೆ — ರಾಗೀ! ಅವರೆಲ್ಲ ಬಲಕ್ಕೆ ನುಗ್ಗಿದರು. ಚೆಂಡು ತಲೆಗಳ ಮೇಲೆ ಹಾರಿತು. ಆಚೆ ತುದಿಯಲ್ಲಿ ನಮ್ಮವನೊಬ್ಬನೇ. ಕೈಗೆ ಬಡಿದು ಪುಟಿಯಿತು... ಹಿಡಿದ. ಆರು ಪಾಯಿಂಟ್, ಗೆದ್ದೆವು!
ಲಕ್ಷ್ಮೀಶ ಓಡಿ ಬಂದ. "ಅಂಕಲ್, ರಾಗಿ ಅಂದ್ರೆ ಬಲಕ್ಕೆ ಅಂದಿದ್ರಲ್ಲಾ!"
"ಹೋಳಿಗೆ ತಿನ್ನೂವಾಗ ಹಂಗ ಇತ್ತಪ್ಪಾ."
ಕೋಚ್‌ಗೆ ಇನ್ನೊಂದು ವರ್ಷ ಸಿಕ್ಕಿತು. ವಿಮಾನದಲ್ಲಿ ನನ್ನ ಕೈ ಹಿಡಿದು ಹೇಳಿದರು, "ಮುಂದಿನ ಸಲವೂ ಇದೇ ಉಪಾಯ ಬೇಕು. ಹೇಗೆ ಗೆದ್ದೆವು ಅಂತ ಯಾರಿಗೂ ಹೇಳಬೇಡ." ಮಾತು ಕೊಟ್ಟಿದ್ದೇನೆ.
ಅಕ್ಕನ ಮಗಳು ಶ್ರೀವಿದ್ಯಾ ಬಾಗಿಲಲ್ಲಿ ನಿಂತಿದ್ದಾಳೆ. "ಮಾವಾ, ಬದರಿನಾಥ್ ಅಂಕಲ್ ಮನೆಯವರೆಲ್ಲ ಬಂದಾರ. ಅದ್ಹೆಂಗ ಗೆದ್ರಿ ಕೇಳಬೇಕಂತ."
ಹಾಲ್ ತುಂಬ ಜನ. ನಡುವೆ ಕುರ್ಚಿ ಹಾಕಿದ್ದಾರೆ, ನನಗಂತಲೇ.
ಬರೀ ಟೀ ಕುಡಿದು ಬಂದುಬಿಡುತ್ತೇನೆ. ಒಂದೇ ಒಂದು ಮಾತು ಕೂಡ—