ಹೊರಗಿನ ಬೀಗ

ಜಗಳೂರು, ಭಾನುವಾರ

ಅಂಬಿಕಾ,

ಹೊಲಿಗೆ ಮಷೀನಿನ ಸಾಲ ವಸೂಲಿಯವರಿಗೆ ಹೆದರಿ ನೀನು ಫೋನ್ ಬಂದ್ ಮಾಡಿದ್ದೀಯ. ಅದಕ್ಕೇ ಈ ಪತ್ರವನ್ನು ಪರಮೇಶನ ಕೈಲಿ ನ್ಯಾಮತಿಗೆ, ನಿಮ್ಮಕ್ಕನ ಮನೆಗೆ ಕಳಿಸುತ್ತಿದ್ದೇನೆ.

ವಸೂಲಿಯವರು ನಮ್ಮ ಜಗಲಿಯಲ್ಲಿ ಕೂತು ಬೈದದ್ದಕ್ಕೆ ಠಾಣೆಯಲ್ಲಿ ದೂರು ಕೊಟ್ಟೆ. ಇನ್ಸ್‌ಪೆಕ್ಟರ್ ಮೇಡಂ ಆ ವಸೂಲಿಯವರನ್ನು ಕರೆಸಿ, "ಸಾಲ ಕೇಳ್ರಿ. ಬಾಗಿಲಲ್ಲಿ ಕೂತು ಮಾನ ಕಳೆಯಾಕೆ ನಿಮಗೆ ಹಕ್ಕಿಲ್ಲ" ಅಂದರು. ಆಮೇಲೆ ಯಾರೂ ಬಂದಿಲ್ಲ. ಕಂತನ್ನು ನಿಧಾನಕ್ಕೆ ಕಟ್ಟೋಣ.

ನಿನ್ನ ಕುರಿಮರಿ ನನ್ನ ಕೈಲಿ ಸೊಪ್ಪು ತಿನ್ನುತ್ತಿಲ್ಲ. ಒಬ್ಬನಿಗೇ ರೊಟ್ಟಿ ತಟ್ಟಲು ನನಗೂ ಮನಸ್ಸಾಗುತ್ತಿಲ್ಲ.

ಮನೆಯಲ್ಲಿ ಯಾರೂ ಇಲ್ಲ ಎಂದು ತೋರಿಸಲು, ನೀನು ಒಳಗಿರುವಾಗಲೇ ಹೊರಗಿನಿಂದ ಬೀಗ ಹಾಕಿ ಹಮಾಲಿಗೆ ಹೋಗುತ್ತಿದ್ದೆನಲ್ಲ, ಆ ಬೀಗ ಈಗ ಹಾಕುತ್ತಿಲ್ಲ. ಆಗ ಹಿತ್ತಿಲ ಬಾಗಿಲಲ್ಲೇ ಓಡಾಡುತ್ತಿದ್ದ ಹಳೇ ಅಭ್ಯಾಸಕ್ಕೆ ಮತ್ತೆ ಹಿತ್ತಿಲಿಂದ ಬಂದೀಯ. ಮುಂಬಾಗಿಲಿಂದಲೇ ಬಾ.

ನಿನ್ನ
ತಿಪ್ಪೇರುದ್ರ