ಬಚ್ಚಲಮನೆಯ ಚಿಲಕ

ಅಪ್ಪನಿಗೆ,

ಬಾಯಿ ತೆರೆದರೆ "ಎದೆಗೆ ಆಯಾಸ, ಸುಮ್ಮನಿರು" ಅಂತೀಯ. ಅದಕ್ಕೇ ಪಕ್ಕದ ಕೋಣೆಯಿಂದ ಬರೆಯುತ್ತಿದ್ದೇನೆ.

ಜ್ವರದ ವೈರಾಣುವನ್ನು ಓಡಿಸಬೇಕಿದ್ದ ಮೈಯ ಕಾವಲುಪಡೆ ನನ್ನ ಹೃದಯದ ಸ್ನಾಯುವಿನ ಮೇಲೇ ತಿರುಗಿಬಿದ್ದಿದೆ ಎಂದು ಡಾಕ್ಟರು ಹೇಳಿದಾಗ ನೀನೂ ಇದ್ದೆ. ಈಗ ಊತ ಇಳಿದಿದೆ, ನಿಧಾನವಾಗಿ ಓಡಾಡಲಿ ಎಂದಾಗಲೂ ಇದ್ದೆ. ಆದರೂ ನನ್ನ ಚಪ್ಪಲಿ ನಿನ್ನ ಬೀರುವಿನಲ್ಲಿದೆ.

ನಾನು ಒಳಗೆ ಬಿದ್ದುಗಿದ್ದರೆ ಎಂಬ ಹೆದರಿಕೆಗೆ ನೀನು ಬಚ್ಚಲಮನೆಯ ಚಿಲಕವನ್ನೂ ಬಿಚ್ಚಿಟ್ಟೆ. ಬಡಗಿ ನೀನು, ಐದು ನಿಮಿಷದ ಕೆಲಸ. ಅದನ್ನು ಮತ್ತೆ ಹಾಕಿಕೊಡು. ಚಪ್ಪಲಿ ಆಮೇಲೆ ಕೊಡುವೆಯಂತೆ.

ನಿನ್ನೆ ನೀನು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಗ ಬಾಗಿಲು ತಾನಾಗಿ ತೆರೆದುಕೊಂಡಿತು. ನಾನು ಹಾಸಿಗೆಯಲ್ಲೇ ಗೋಡೆಯ ಕಡೆ ಹೊರಳಿದೆ. ಚಿಲಕ ಬೇಕಾಗಿರುವುದು ನನಗೊಬ್ಬಳಿಗೇ ಅಲ್ಲ.

ನಿನ್ನ ಮಗಳು